ಲೈಬ್ರರಿಯಲ್ಲಿ ಸೆಂಡಾಕ್ ಪ್ರದರ್ಶನ ಮಾಡುವುದು ಹೇಗೆ: ರಾಕ್ಷಸರ ಹಿಂದಿನ ಯಹೂದಿ ಮನೆ

ಮಕ್ಕಳ ಕೆನ್ನೆ ಹಿಂಡಿ "ತಿಂದೇ ಬಿಡ್ತೀನಿ ನಿನ್ನ" ಅನ್ನುವ ಅತ್ತೆಯೋ ದೊಡ್ಡಮ್ಮನೋ ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಯಹೂದಿ ಮನೆಯಲ್ಲೂ ಇದ್ದರು. ಭಾನುವಾರ ಊಟಕ್ಕೆ ಬರುತ್ತಿದ್ದರು, ಮನೆಯ ಕಿರಿ ಹುಡುಗನ ಮುಖದ ಹತ್ತಿರಕ್ಕೆ ಬಾಗಿ ಕೆನ್ನೆ ಹಿಂಡುತ್ತಿದ್ದರು, ಅವನಿಗೆ ಅವರ ಕೆಟ್ಟ ಹಲ್ಲು, ಕೆಂಪು ಕಣ್ಣು, ಮೂಗಿನ ಕೂದಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆ ಹುಡುಗ ಮಾರಿಸ್ ಸೆಂಡಾಕ್, ಮುಂದೆ ಮಕ್ಕಳ ಪುಸ್ತಕಗಳ ಲೇಖಕ, ಚಿತ್ರಕಾರ ಆದವರು. 1963ರಲ್ಲಿ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (ಕಾಡುಪ್ರಾಣಿಗಳು ಇರುವಲ್ಲಿ) ಬಂದಾಗ ಆ ನೆಂಟರೇ ಕೊಂಬು, ಉಗುರು ಬೆಳೆಸಿಕೊಂಡು ಪುಟದೊಳಗೆ ಕೂತಿದ್ದರು.

ನಮ್ಮ ಬಡಾವಣೆಯ ಸಣ್ಣ ಲೈಬ್ರರಿಯಲ್ಲಿ ಕಳೆದ ಬೇಸಿಗೆಯಲ್ಲಿ ಸೆಂಡಾಕ್ ಮತ್ತು ಅವರ ಯಹೂದಿ ಹಿನ್ನೆಲೆಯ ಬಗ್ಗೆ ಒಂದು ಪ್ರದರ್ಶನ ಮಾಡಿದೆವು. ಒಂದು ಕೋಣೆ, ಆರು ಬೋರ್ಡು, ಒಂದು ಉದ್ದ ಮೇಜು, ಕೈಗೆ ಸಿಕ್ಕ ಪುಸ್ತಕಗಳು, ಅಷ್ಟೇ. ಆಮೇಲೆ ಮೂರ್ನಾಲ್ಕು ಕಡೆಯವರು ಹೇಗೆ ಮಾಡಿದಿರಿ ಅಂತ ಕೇಳಿದರು. ಅದಕ್ಕೇ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. "ಯಹೂದಿ ಧರ್ಮ ಎಂದರೇನು" ಅನ್ನುವ ಬೋರ್ಡಿನಿಂದ ಶುರು ಮಾಡಬೇಡಿ. ನಾವು ಮೊದಲು ಹಾಗೇ ಬರೆದಿದ್ದೆವು. ಹಬ್ಬಗಳ ಪಟ್ಟಿ, ಆರು ಮೂಲೆಯ ನಕ್ಷತ್ರ, ಒಂಬತ್ತು ದೀಪದ ಕಂಬದ ಚಿತ್ರ, ಎಲ್ಲ ಇತ್ತು. ಓದಿ ನೋಡಿದರೆ ಶಾಲೆಯ ಚಾರ್ಟ್ ಥರ ಇತ್ತು, ಸೆಂಡಾಕ್ ಯಾಕೆ ಹೀಗೆ ಚಿತ್ರ ಬರೆದರು ಅನ್ನುವುದಕ್ಕೆ ಅದರಲ್ಲಿ ಒಂದು ಸಾಲೂ ಉತ್ತರ ಇರಲಿಲ್ಲ. ಸೆಂಡಾಕ್ ದೇವರನ್ನು ನಂಬುತ್ತಿರಲಿಲ್ಲ, ಹಾಗಂತ ಅವರೇ ಹೇಳಿದ್ದಾರೆ. ಅವರ ಯಹೂದಿತನ ಇದ್ದದ್ದು ಮನೆಯಲ್ಲಿ: ಅಮ್ಮ ಬೈಯುವ ಮಾತಿನಲ್ಲಿ, ಅಪ್ಪ ರಾತ್ರಿ ಹೇಳುವ ಕಥೆಯಲ್ಲಿ, ಗೋಡೆಯ ಮೇಲಿನ ಫೋಟೋದಲ್ಲಿ, ಯಾರೂ ಜೋರಾಗಿ ಹೇಳದ ಸಾವಿನ ಸುದ್ದಿಯಲ್ಲಿ. ಪ್ರದರ್ಶನವನ್ನೂ ಒಂದು ಮನೆಯ ಹಾಗೆ ಕಟ್ಟಿ. ಆ ಚಾರ್ಟನ್ನು ನಾವು ಹರಿದು ಹಾಕಿದೆವು.

ಯಾವಾಗ ಮಾಡಬೇಕು? ಸೆಂಡಾಕ್ ಹುಟ್ಟಿದ್ದು 1928ರ ಜೂನ್ 10, ತೀರಿಕೊಂಡಿದ್ದು 2012ರ ಮೇ 8. ಈ ಎರಡು ದಿನಗಳ ನಡುವಿನ ತಿಂಗಳು ನಮಗೆ ಹೇಳಿ ಮಾಡಿಸಿದ ಹಾಗಿದೆ. ಬೇಸಿಗೆ ರಜೆಯ ಕೊನೆ ವಾರಗಳಲ್ಲಿ ಮಕ್ಕಳು ಮನೆಯಲ್ಲಿ ಸುಮ್ನೆ ಕೂತಿರುತ್ತಾರೆ, ಶಾಲೆ ಶುರುವಾದ ಮೇಲೆ ಟೀಚರ್‌ಗಳು ತರಗತಿಯನ್ನೇ ಕರೆದುಕೊಂಡು ಬರಬಹುದು. ಜನವರಿ 27 ಹೋಲೋಕಾಸ್ಟ್, ಅಂದರೆ ಹಿಟ್ಲರನ ನಾಜಿಗಳು ಮಾಡಿದ ಯಹೂದಿಗಳ ಕಗ್ಗೊಲೆಯ ನೆನಪಿನ ದಿನ, ಅವತ್ತು ಮಾಡೋಣ ಅಂತ ನಮ್ಮಲ್ಲಿ ಒಬ್ಬರು ಹೇಳಿದ್ದರು. ನನಗೆ ಒಪ್ಪಿಗೆ ಆಗಲಿಲ್ಲ. ಒಬ್ಬ ಮನುಷ್ಯನನ್ನು ಅವನ ಹುಟ್ಟುಹಬ್ಬದ ದಿನ ಪರಿಚಯ ಮಾಡಿಕೊಡುವುದೇ ಚೆಂದ. ಮೇ ತಿಂಗಳಲ್ಲಿ ಬೆಂಗಳೂರಿನ ಸಂಜೆ ಮಳೆ ಹೇಗೆ ಅಂತ ನಿಮಗೆ ಗೊತ್ತೇ ಇದೆ, ಕಿಟಕಿ ಪಕ್ಕದ ಗೋಡೆಗೆ ಏನೂ ಹಾಕಬೇಡಿ.

ಜಾಗಕ್ಕೆ ದೊಡ್ಡ ಹಾಲ್ ಬೇಕಿಲ್ಲ. ಅಪಾರ್ಟ್‌ಮೆಂಟಿನ ಲೈಬ್ರರಿ ಆದೀತು, ಶಾಲೆಯದಾದೀತು, ವಾರ್ಡಿನ ಸರ್ಕಾರಿ ಶಾಖಾ ಗ್ರಂಥಾಲಯವೂ ಆದೀತು. ಸರ್ಕಾರಿ ಲೈಬ್ರರಿಯವರನ್ನು ಕೇಳಲು ಹಿಂಜರಿಯಬೇಡಿ, ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಸೆಸ್ ಕೂಡ ಹೋಗುತ್ತದೆ, ಆ ಕಟ್ಟಡ ನಮ್ಮದೇ. ಒಂದು ಪುಟದ ಅರ್ಜಿಯನ್ನು ಕನ್ನಡದಲ್ಲಿ ಬರೆದು, ಎಷ್ಟು ದಿನ, ಎಷ್ಟು ಬೋರ್ಡು, ಮೊಳೆ ಹೊಡೆಯುವುದಿಲ್ಲ ಅನ್ನುವುದನ್ನು ಸ್ಪಷ್ಟವಾಗಿ ಹೇಳಿ. ಈ ಮೊಳೆಯ ಮಾತು ಬರೆದರೆ ಅರ್ಧ ಕೆಲಸ ಆದ ಹಾಗೆ.

ಈಗ ಬೋರ್ಡುಗಳ ವಿಷಯಕ್ಕೆ ಬರೋಣ.

ಮೊದಲ ಬೋರ್ಡು ಮನೆಯದು. ಅಪ್ಪ ಫಿಲಿಪ್, ಬಟ್ಟೆ ಹೊಲಿಯುವ ಉದ್ಯೋಗ. ಅಮ್ಮ ಸೇಡಿ. ಅಕ್ಕ ನ್ಯಾಟಲಿ, ಅಣ್ಣ ಜ್ಯಾಕ್, ಕಿರಿಯವನು ಮಾರಿಸ್. ತಂದೆ ತಾಯಿ ಇಬ್ಬರೂ ಪೋಲೆಂಡಿನಿಂದ ಅಮೆರಿಕಕ್ಕೆ ಬಂದ ಯಹೂದಿಗಳು. ಅಪ್ಪ ಮಕ್ಕಳಿಗೆ ಊರಿನ ಕಥೆಗಳನ್ನು ಹೇಳುತ್ತಿದ್ದರು, ಮಕ್ಕಳಿಗಂತ ಸಿಹಿ ಮಾಡದೆ, ಹೆದರಿಕೆಯನ್ನೂ ಸೇರಿಸಿ. ಆ ಅಪ್ಪ ಬರೆದಿಟ್ಟಿದ್ದ ಒಂದು ಕಥೆಗೆ 1985ರಲ್ಲಿ ಮಗ ಚಿತ್ರ ಬರೆದು 'ಇನ್ ಗ್ರ್ಯಾಂಡ್‌ಪಾಸ್ ಹೌಸ್' ಅಂತ ಪುಸ್ತಕ ಬಂತು. ಇಲ್ಲಿ ಒಂದು ಭೂಪಟ ಹಾಕಿ: ಪೋಲೆಂಡ್‌ನಿಂದ ನ್ಯೂಯಾರ್ಕಿಗೆ ಒಂದು ದಾರ. ಅದೇ ಭೂಪಟದಲ್ಲಿ ನಾವು ಇನ್ನೊಂದು ದಾರವನ್ನೂ ಕಟ್ಟಿದ್ದೆವು, ಬಾಗ್ದಾದಿನಿಂದ ಬೆಂಗಳೂರಿಗೆ. ಬಾಗ್ದಾದಿ ಯಹೂದಿ ರೂಬಿನ್ ಮೋಸಸ್ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೂಟು ಚಪ್ಪಲಿ ಅಂಗಡಿ ಇಟ್ಟಿದ್ದರು, ಮೈಸೂರು ರಸ್ತೆಯಲ್ಲಿ 1904ರಿಂದ ಯಹೂದಿಗಳ ಒಂದು ಪುಟ್ಟ ಸ್ಮಶಾನ ಇದೆ. ದಿನಾ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರಿಗೂ ಇದು ಗೊತ್ತಿರಲಿಲ್ಲ. ಒಬ್ಬ ಹಿರಿಯರು ಆ ದಾರದ ತುದಿಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ನಿಂತಿದ್ದರು. ಹಾಗಂತ ಮಕ್ಕಳ ಗುಂಪು ಕಟ್ಟಿಕೊಂಡು ಸ್ಮಶಾನ ನೋಡಲು ಹೋಗಬೇಡಿ, ಅದು ಮನೆಯವರು ತಮ್ಮವರನ್ನು ಮಲಗಿಸಿದ ಜಾಗ.

ಎರಡನೆಯದು ಮಾತಿನ ಬೋರ್ಡು. ಸೆಂಡಾಕ್ ಮನೆಯ ಮಾತು ಯಿಡ್ಡಿಷ್. ಜರ್ಮನ್ ಜಾತಿಯ ಭಾಷೆ, ಆದರೆ ಹೀಬ್ರೂ ಅಕ್ಷರದಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಾರೆ, ಹೀಬ್ರೂ ಪದಗಳೂ ಬೇಕಾದಷ್ಟು ಸೇರಿವೆ. ಇದನ್ನು ಬೇರೆ ಊರಿನವರಿಗೆ ಅರ್ಥ ಮಾಡಿಸುವುದು ಕಷ್ಟ ಇರಬಹುದು, ಬೆಂಗಳೂರಿನವರಿಗೆ ಒಂದೇ ನಿಮಿಷ ಸಾಕು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು, ನಮ್ಮ ಅರ್ಧ ಮಕ್ಕಳು ಬೆಳೆಯುವುದೇ ಹೀಗಲ್ವಾ?

ಯಿಡ್ಡಿಷ್ ತಾಯಂದಿರು ಮಕ್ಕಳು ತುಂಟಾಟ ಮಾಡಿದಾಗ "ವಿಲ್ಡೆ ಖಾಯೆ" ಅಂತ ಗದರುತ್ತಾರೆ. ಕಾಡುಪ್ರಾಣಿ ಅಂತ ಅರ್ಥ. 'ವಿಲ್ಡೆ' ಜರ್ಮನ್ ಕಡೆಯದು, 'ಖಾಯೆ' ಹೀಬ್ರೂ ಕಡೆಯದು, ಎರಡು ಪದದಲ್ಲೇ ಇಡೀ ಭಾಷೆಯ ಹುಟ್ಟು ಕಾಣುತ್ತದೆ. ಸೆಂಡಾಕ್ ಮೊದಲು ಬರೆಯಲು ಹೊರಟಿದ್ದು ಕಾಡು ಕುದುರೆಗಳ ಪುಸ್ತಕ, ಆದರೆ ಅವರಿಗೆ ಕುದುರೆ ಬರೆಯಲು ಬರುತ್ತಿರಲಿಲ್ಲ. ಕುದುರೆ ಹೋಗಿ ಆ ಜಾಗಕ್ಕೆ ಅಮ್ಮನ ಬೈಗುಳ ಬಂತು, ಅದರ ಹಿಂದೆಯೇ ನೆಂಟರೂ ಬಂದರು.

ಈ ಬೋರ್ಡಿನ ಪಕ್ಕ ಒಂದು ಖಾಲಿ ಗೋಡೆ ಬಿಡಿ. ಅದೇ ಬೈಗುಳದ ಗೋಡೆ. ಕೈಯಗಲದ ಚೀಟಿಗಳು, ಸ್ಕೆಚ್ ಪೆನ್ನು, ಒಂದೇ ಪ್ರಶ್ನೆ: ನೀನು ತುಂಟಾಟ ಮಾಡಿದಾಗ ನಿಮ್ಮ ಮನೆಯಲ್ಲಿ ಏನಂತ ಬೈಯುತ್ತಾರೆ? ಪದವನ್ನು ಮನೆ ಭಾಷೆಯಲ್ಲೇ ಬರೆಯಬೇಕು, ಗೊತ್ತಿದ್ದರೆ ಆ ಲಿಪಿಯಲ್ಲೇ, ಕೆಳಗೆ ಕನ್ನಡದಲ್ಲಿ ಅರ್ಥ. ನಮ್ಮ ಗೋಡೆಗೆ ಕೋತಿ, ಕಪಿ, ಪಿಶಾಚಿ ಮೊದಲ ದಿನವೇ ಬಂದವು. ಆಮೇಲೆ ತಮಿಳಿನ ಕೊರಂಗು, ತುಳುವಿನ ಮಂಗೆ, ಕೊಂಕಣಿಯ ಮಾಂಕಡ್, ಉರ್ದುವಿನ ಬಂದರ್. ತೆಲುಗಿನ ಹುಡುಗಿ ಬಂದು ಕೋತಿ ಅಂತ ಬರೆದು, ಇದು ಕನ್ನಡದ್ದಲ್ಲ ನಮ್ಮದು ಅಂತ ಗಟ್ಟಿಯಾಗಿ ಹೇಳಿ ಹೋದಳು. ನೋಡಿದರೆ ಎಲ್ಲರ ಮನೆಯಲ್ಲೂ ಮಕ್ಕಳು ಮಂಗಗಳೇ! ಆ ಗೋಡೆಯ ಮುಂದೆ ನಿಂತ ಮಕ್ಕಳಿಗೆ ವಿಲ್ಡೆ ಖಾಯೆ ಅನ್ನುವುದು ದೂರದ ಮಾತಾಗಿ ಉಳಿಯಲಿಲ್ಲ. ನೀವು ಬೇರೇನು ಬಿಟ್ಟರೂ ಪರವಾಗಿಲ್ಲ, ಇದನ್ನು ಮಾತ್ರ ಬಿಡಬೇಡಿ. ಒಂದು ಎಚ್ಚರಿಕೆ: ಜಾತಿ, ಮೈಬಣ್ಣ, ಅಂಗವಿಕಲತೆ ಹಿಡಿದು ಬೈಯುವ ಪದಗಳೂ ಬರುತ್ತವೆ, ಮಕ್ಕಳಿಗೆ ಅದು ತಪ್ಪು ಅಂತ ಗೊತ್ತಿರುವುದಿಲ್ಲ. ಗೋಡೆಗೆ ಅಂಟಿಸುವ ಕೆಲಸ ಒಬ್ಬ ದೊಡ್ಡವರ ಕೈಯಲ್ಲಿರಲಿ, ಅಂಥ ಚೀಟಿ ಬಂದರೆ ಮಗುವಿನ ಜೊತೆ ಪಕ್ಕಕ್ಕೆ ಕೂತು ಮಾತಾಡಿ.

ಮೂರನೆಯದು ನೆಂಟರ ಬೋರ್ಡು. ಇದಕ್ಕೆ ದೊಡ್ಡ ಜಾಗ ಕೊಡಿ. 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಪುಸ್ತಕದಿಂದ ಮುಂದೆ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಾಡಿದಾಗ ರಾಕ್ಷಸರಿಗೆ ಹೆಸರು ಬೇಕಾಯಿತು, ಸೆಂಡಾಕ್ ತಮ್ಮ ನೆಂಟರ ಹೆಸರನ್ನೇ ಇಟ್ಟರು: ತ್ಸಿಪ್ಪಿ, ಮೊಯಿಶೆ, ಆರನ್, ಎಮಿಲ್, ಬರ್ನಾರ್ಡ್. ಇಷ್ಟು ಹೇಳಿ, ಪುಸ್ತಕ ತೆರೆದಿಟ್ಟು, ಯಾರು ಯಾರ ಹಾಗಿದ್ದಾರೆ ಅಂತ ಮಕ್ಕಳನ್ನೇ ಕೇಳಿ. ಆಮೇಲೆ ಪೇಪರ್ ಕೊಟ್ಟು ನಿಮ್ಮ ಮನೆಗೆ ಬರುವ ಒಬ್ಬ ನೆಂಟರನ್ನು ಪ್ರೀತಿಯ ರಾಕ್ಷಸ ಮಾಡಿ ಅನ್ನಿ. ಪ್ರೀತಿಯ ಅನ್ನುವ ಪದ ಮುಖ್ಯ. ಕಥೆಯಲ್ಲಿ ತುಂಟಾಟ ಮಾಡಿ ಅಮ್ಮನಿಂದ ಬೈಸಿಕೊಂಡು, ಊಟವಿಲ್ಲದೆ ಕೋಣೆ ಸೇರಿದ ಹುಡುಗ ಮ್ಯಾಕ್ಸ್ ಈ ರಾಕ್ಷಸರ ನಾಡಿಗೆ ಹೋಗುತ್ತಾನೆ. ಸೆಂಡಾಕ್ ರಾಕ್ಷಸರು ಮ್ಯಾಕ್ಸ್‌ನನ್ನು ತಿನ್ನಬೇಕು ಅನ್ನುವುದು ದ್ವೇಷದಿಂದಲ್ಲ, ಬಿಟ್ಟಿರಲಾರದೆ.

ಇಲ್ಲೇ ಇನ್ನೊಂದು ಕೆಲಸ ಮಾಡಬಹುದು. ಆ ಪುಸ್ತಕದಲ್ಲಿ ಇಂಗ್ಲಿಷ್ ಪದಗಳು 338 ಮಾತ್ರ. ಚಿತ್ರಗಳು ಮೊದಲು ಪುಟದ ನಡುವೆ ಚಿಕ್ಕದಾಗಿ ಇರುತ್ತವೆ, ಮ್ಯಾಕ್ಸ್‌ನ ಕೋಣೆಯಲ್ಲಿ ಕಾಡು ಬೆಳೆದ ಹಾಗೆ ಚಿತ್ರವೂ ಬೆಳೆಯುತ್ತದೆ, ಕುಣಿತ ಶುರುವಾದಾಗ ಮೂರು ಜೋಡಿ ಪುಟ ಪೂರ್ತಿ ಚಿತ್ರ, ಒಂದಕ್ಷರವೂ ಇಲ್ಲ. ಇದನ್ನು ತೋರಿಸಲು ಪುಟಗಳ ಜೆರಾಕ್ಸ್ ಬೇಡ. ಪ್ರತಿ ಚಿತ್ರದ ಅಳತೆ ತೆಗೆದುಕೊಂಡು ಅಷ್ಟೇ ದೊಡ್ಡ ಬಣ್ಣದ ಕಾಗದ ಕತ್ತರಿಸಿ ಸಾಲಾಗಿ ದಾರಕ್ಕೆ ನೇತುಹಾಕಿ. ಚಿತ್ರವೇ ಇಲ್ಲದ ಖಾಲಿ ಕಾಗದಗಳು, ಆದರೂ ಕೋಪ ಏರುವುದು, ಇಳಿಯುವುದು ಕಣ್ಣಿಗೆ ಕಾಣುತ್ತದೆ. ಕತ್ತರಿಸುವ ಕೆಲಸ ಮಕ್ಕಳಿಗೇ ಕೊಡಿ.

ಜೆರಾಕ್ಸ್ ಯಾಕೆ ಬೇಡ ಅಂದರೆ ಕಾಪಿರೈಟ್. ನಮ್ಮ ದೇಶದ ಕಾನೂನಿನ ಪ್ರಕಾರ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಸೆಂಡಾಕ್ ವಿಷಯದಲ್ಲಿ 2072ರ ಕೊನೆಯವರೆಗೆ. ನೆಟ್‌ನಿಂದ ಚಿತ್ರ ಇಳಿಸಿಕೊಂಡು ದೊಡ್ಡದು ಮಾಡಿ ಗೋಡೆಗೆ ಹಚ್ಚುವುದು, ಪೋಸ್ಟರಿಗೆ ಹಾಕುವುದು, ಟೀ ಶರ್ಟ್ ಮಾಡಿಸುವುದು ಬೇಡವೇ ಬೇಡ. ನಿಜವಾದ ಪುಸ್ತಕವನ್ನೇ ತೆರೆದಿಡಿ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಸ್ನೇಹಿತರ ಮಕ್ಕಳ ಕಪಾಟಿನಲ್ಲಿ ಕೇಳಿ. ಮುಖ್ಯ ಪುಸ್ತಕದ ಎರಡು ಪ್ರತಿ ಇರಲಿ, ಒಂದು ಸ್ಟ್ಯಾಂಡಿನ ಮೇಲೆ, ಇನ್ನೊಂದು ಮಕ್ಕಳು ಮುಟ್ಟಿ ಓದಲು. ಎರಡನೆಯದು ಹಾಳಾಗುತ್ತದೆ, ಆಗಲಿ.

ನಾಲ್ಕನೆಯದು ಹೆದರಿಕೆಯ ಬೋರ್ಡು. ಮಾರಿಸ್ ಚಿಕ್ಕವನಿದ್ದಾಗ ಜಾಸ್ತಿ ಕಾಯಿಲೆ ಬೀಳುತ್ತಿದ್ದ. ಅಜ್ಜಿ ಅವನಿಗೆ ಮೈಯೆಲ್ಲ ಬಿಳಿ ಬಟ್ಟೆ ತೊಡಿಸಿ, ಕಾಲಿಗೂ ಬಿಳಿಯದನ್ನೇ ಹಾಕಿ, ಮನೆ ಮುಂದಿನ ಮೆಟ್ಟಿಲ ಮೇಲೆ ಕೂರಿಸಿಕೊಳ್ಳುತ್ತಿದ್ದರಂತೆ. ಸಾವಿನ ದೂತ ಬಂದರೆ, ಇವನು ಆಗಲೇ ದೇವದೂತ ಆಗಿದ್ದಾನೆ ಅಂದುಕೊಂಡು ಮುಂದೆ ಹೋಗಲಿ ಅಂತ. ಇದನ್ನು ಸೆಂಡಾಕ್ ಅವರೇ ಹೇಳಿಕೊಂಡಿದ್ದಾರೆ. ನಾವು ಇದರ ಕೆಳಗೆ ಒಂದು ಕಾಡಿಗೆ ಡಬ್ಬಿ ಇಟ್ಟೆವು. ಮಗುವಿನ ಕೆನ್ನೆಗೆ ದೃಷ್ಟಿ ಬೊಟ್ಟು ಇಡುವ ಅಜ್ಜಿಯಂದಿರು ಅದನ್ನು ನೋಡಿದರು, ವಿವರಣೆ ಕೇಳಲೇ ಇಲ್ಲ.

ಐದನೆಯದು ಫೋಟೋದ ಬೋರ್ಡು. ನನಗೆ ಎಲ್ಲಕ್ಕಿಂತ ಪ್ರೀತಿಯದು ಇದೇ. ಐಸಾಕ್ ಬಾಶೆವಿಸ್ ಸಿಂಗರ್ ಯಿಡ್ಡಿಷ್‌ನಲ್ಲಿ ಬರೆಯುತ್ತಿದ್ದ ಲೇಖಕ, 1978ರಲ್ಲಿ ನೊಬೆಲ್ ಬಂತು. ಮಕ್ಕಳಿಗಾಗಿ ಅವರ ಮೊದಲ ಪುಸ್ತಕ 'ಝ್ಲಾಟೆ ದ ಗೋಟ್' 1966ರಲ್ಲಿ ಬಂದಾಗ ಚಿತ್ರ ಬರೆದದ್ದು ಸೆಂಡಾಕ್. ಮನೆಯಲ್ಲಿ ಕಷ್ಟ, ಸಾಕಿದ ಆಡನ್ನು ಕಟುಕನಿಗೆ ಮಾರಲು ಹುಡುಗ ಹೊರಡುತ್ತಾನೆ, ದಾರಿಯಲ್ಲಿ ಹಿಮದ ಬಿರುಗಾಳಿ, ಹುಲ್ಲಿನ ಬಣವೆಯೊಳಗೆ ಮೂರು ದಿನ ಇಬ್ಬರೂ ಅಡಗಿ ಕೂರುತ್ತಾರೆ, ಆಡು ಹುಲ್ಲು ತಿಂದು ಹಾಲು ಕೊಡುತ್ತದೆ, ಹುಡುಗ ಬದುಕುತ್ತಾನೆ. ಆಮೇಲೆ ಮಾರುವ ಮಾತೇ ಇಲ್ಲ. ಈ ಪುಸ್ತಕಕ್ಕೆ ಸೆಂಡಾಕ್ ಮನೆಯ ಹಳೆ ಫೋಟೋ ಆಲ್ಬಮ್ ತೆಗೆದರು. ನಾಜಿಗಳ ಕೈಯಲ್ಲಿ ಸತ್ತ ಬಂಧುಗಳ ಮುಖಗಳನ್ನು ಕಥೆಯ ಹಳ್ಳಿಗರಿಗೆ ಕೊಟ್ಟರು. ಕಪ್ಪು ಶಾಯಿಯ ಸಣ್ಣ ಸಣ್ಣ ಗೆರೆಗಳಲ್ಲಿ ಆ ಮುಖಗಳು ಇವತ್ತಿಗೂ ಇವೆ.

ಇಲ್ಲಿ ಮಾಡಿಸುವ ಕೆಲಸ: ಮನೆಯಲ್ಲಿರುವ ಹಳೆಯ ಫೋಟೋ, ಮುತ್ತಜ್ಜಿಯದೋ ಮುತ್ತಜ್ಜನದೋ, ತರಲು ಹೇಳಿ. ಮೂಲ ಫೋಟೋ ಇಟ್ಟುಕೊಳ್ಳಬೇಡಿ, ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದು ಕೈಗೆ ವಾಪಸ್ ಕೊಡಿ. ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡದಾಗಿ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಮಕ್ಕಳಿಗೆ ಸಣ್ಣ ಮೊನೆಯ ಕಪ್ಪು ಪೆನ್ನು ಕೊಡಿ. ಪೆನ್ಸಿಲ್ ಕೊಟ್ಟರೆ ಅಳಿಸುತ್ತಲೇ ಕೂರುತ್ತಾರೆ. ಗೆರೆ ಎಳೆಯುತ್ತಾ ಮುಖವನ್ನು ಅರ್ಧ ಗಂಟೆ ನೋಡಲೇಬೇಕಾಗುತ್ತದೆ, ಆಗ ಪ್ರಶ್ನೆಗಳು ತಾವಾಗಿಯೇ ಬರುತ್ತವೆ: ಇವರು ಯಾರು, ಎಲ್ಲಿದ್ದರು, ಹೇಗೆ ಸತ್ತರು. ನಮ್ಮಲ್ಲಿ ಒಬ್ಬ ತಾಯಿಗೆ ತನ್ನ ಅಜ್ಜಿಯ ಅಮ್ಮನ ಹೆಸರು ಗೊತ್ತಿರಲಿಲ್ಲ, ಅಲ್ಲಿಂದಲೇ ಊರಿಗೆ ಫೋನ್ ಮಾಡಿ ಕೇಳಿದರು. ಹೆಸರು ಸಿಕ್ಕರೆ ಚಿತ್ರದ ಹಿಂದೆ ಬರೆಸಿ.

ಆರನೆಯದು ಕಷ್ಟದ ಬೋರ್ಡು. ಇದನ್ನು ಕಪಾಟಿನ ಆಚೆ, ತಿರುಗಿ ಹೋಗಿ ನೋಡುವ ಜಾಗದಲ್ಲಿಡಿ. ಎಂಟು ವರ್ಷಕ್ಕಿಂತ ಚಿಕ್ಕವರು ಅಪ್ಪ ಅಮ್ಮನ ಜೊತೆ ಹೋಗಲಿ. ಯಹೂದಿ ಹುಡುಗರಿಗೆ 13 ತುಂಬಿದಾಗ ಬಾರ್ ಮಿಟ್ಸ್ವಾ, ಅಂದರೆ ದೊಡ್ಡವರ ಸಾಲಿಗೆ ಸೇರಿಸುವ ಶಾಸ್ತ್ರ, ಮಾಡುತ್ತಾರೆ. ತನ್ನ ಬಾರ್ ಮಿಟ್ಸ್ವಾದ ದಿನವೇ, 1941ರಲ್ಲಿ, ಪೋಲೆಂಡಿನಲ್ಲಿದ್ದ ಮನೆಯವರು ಸತ್ತ ಸುದ್ದಿ ಅಪ್ಪನಿಗೆ ಬಂತು ಅಂತ ಸೆಂಡಾಕ್ ಹೇಳಿಕೊಂಡಿದ್ದಾರೆ. ಬೋರ್ಡನ್ನು ಈ ಒಂದು ಮನೆಯಿಂದ ಶುರು ಮಾಡಿ, ಆಮೇಲೆ ಅಂಕಿ ಹೇಳಿ: ನಾಜಿಗಳು ಕೊಂದ ಯಹೂದಿಗಳು ಸುಮಾರು 60 ಲಕ್ಷ, ಅದರಲ್ಲಿ ಸುಮಾರು 15 ಲಕ್ಷ ಮಕ್ಕಳು. ಪಕ್ಕದಲ್ಲಿ 'ಬ್ರುಂಡಿಬಾರ್' ಪುಸ್ತಕ ಇಡಿ. ಇದು ಮೊದಲು ಜೆಕ್ ಯಹೂದಿ ಸಂಗೀತಗಾರ ಹಾನ್ಸ್ ಕ್ರಾಸಾ ಮಾಡಿದ ಮಕ್ಕಳ ಒಪೆರಾ. ಕಾಯಿಲೆ ಬಿದ್ದ ಅಮ್ಮನಿಗೆ ಹಾಲು ತರಲು ಅಣ್ಣ ತಂಗಿ ಬೀದಿಯಲ್ಲಿ ಹಾಡುತ್ತಾರೆ, ಬ್ರುಂಡಿಬಾರ್ ಅನ್ನುವ ಪುಂಡ ಓಡಿಸುತ್ತಾನೆ, ಊರಿನ ಮಕ್ಕಳೆಲ್ಲ ಸೇರಿ ಅವನನ್ನು ಸೋಲಿಸುತ್ತಾರೆ. ಟೆರೆಜಿನ್ ಅನ್ನುವ ಯಹೂದಿಗಳ ಸೆರೆಯ ಊರಿನಲ್ಲಿ 1943ರಿಂದ 44ರವರೆಗೆ ಮಕ್ಕಳು ಇದನ್ನು 55 ಸಲ ಆಡಿದರು. ಆಡಿದ ಮಕ್ಕಳಲ್ಲಿ ಹೆಚ್ಚಿನವರನ್ನು ಕೊಂದರು. ಕ್ರಾಸಾ ಅವರನ್ನು 1944ರ ಅಕ್ಟೋಬರಿನಲ್ಲಿ ನಾಜಿಗಳ ಕೊಲೆ ಶಿಬಿರ ಆಶ್ವಿಟ್ಸ್‌ನಲ್ಲಿ ಕೊಂದರು. 2003ರಲ್ಲಿ ನಾಟಕಕಾರ ಟೋನಿ ಕುಶ್ನರ್ ಕಥೆ ಬರೆದು, ಸೆಂಡಾಕ್ ಚಿತ್ರ ಬರೆದು ಅದು ಪುಸ್ತಕವಾಯಿತು.

ಹೆಣಗಳ ಫೋಟೋ ಹಾಕಬೇಡಿ. ನಾಜಿ ಚಿಹ್ನೆಯನ್ನೂ ಹಾಕಬೇಡಿ. ನಮ್ಮ ಮಕ್ಕಳು ಸ್ವಸ್ತಿಕವನ್ನು ಮನೆ ಬಾಗಿಲಲ್ಲಿ, ಲೆಕ್ಕದ ಪುಸ್ತಕದಲ್ಲಿ ನೋಡಿ ಬೆಳೆದವರು, ಅಲ್ಲಿ ಅದೊಂದೇ ಚರ್ಚೆಯಾಗಿ ಉಳಿದದ್ದೆಲ್ಲ ಮರೆತುಹೋಗುತ್ತದೆ. ಇನ್ನೊಂದು ಮಾತು ಖಂಡಿತ ಬರುತ್ತದೆ, "ನಮ್ಮ ಮ್ಯಾಥ್ಸ್ ಮಿಸ್ ಹಿಟ್ಲರ್" ಅಂತ. ಸಿಟ್ಟಾಗಬೇಡಿ. ದೊಡ್ಡವರಿಂದ ಕಲಿತ ಮಾತು ಅದು. ಹೋಮ್‌ವರ್ಕ್ ಜಾಸ್ತಿ ಕೊಡುವವರಿಗೂ ಅವನಿಗೂ ಒಂದೇ ಹೆಸರು ಇಡಬಹುದಾ ಅಂತ ಕೇಳಿ, ಉತ್ತರಕ್ಕೆ ಕಾಯಿರಿ. ದೊಡ್ಡವರು ಈಗಿನ ಇಸ್ರೇಲ್ ರಾಜಕೀಯ ಎತ್ತಿದರೆ, ಇದು ಪೋಲೆಂಡಿನಿಂದ ಬ್ರೂಕ್ಲಿನ್‌ಗೆ ಬಂದ ಒಂದು ಮನೆಯ ಕಥೆ, ಆ ಮಾತು ಬೇರೆ ದಿನ ಕೂತು ಆಡೋಣ ಅಂತ ನೇರವಾಗಿ ಹೇಳಿ. ನಾವು ಹಾಗೆ ಹೇಳಿದಾಗ ಜನ ಒಪ್ಪಿದರು.

ಬೋರ್ಡು ಮಾಡಿಸುವ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎ2 ಅಳತೆ, ಹೊಳಪಿಲ್ಲದ ಕಾಗದ, 5 ಮಿ.ಮೀ. ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಅಂಟಿಸಿ. ಫ್ಲೆಕ್ಸ್ ಬೇಡ, ಲೈಟ್ ಬಿದ್ದರೆ ಅಕ್ಷರ ಕಾಣುವುದಿಲ್ಲ. ಒಂದು ಬೋರ್ಡಿಗೆ 70–80 ಪದ ಸಾಕು, ಅಕ್ಷರ 30 ಪಾಯಿಂಟಿಗಿಂತ ಸಣ್ಣದು ಬೇಡ. ಕನ್ನಡ ಫೈಲನ್ನು ಹಾಗೇ ಕೊಡಬೇಡಿ, ಪಿಡಿಎಫ್ ಮಾಡಿ ಕೊಡಿ. ನಾವು ಮೊದಲ ಸಲ ಹಾಗೇ ಕೊಟ್ಟು, ಪ್ರಿಂಟಿನವರ ಕಂಪ್ಯೂಟರಿನಲ್ಲಿ ಫಾಂಟ್ ಬೇರೆ ಇದ್ದು, ಒತ್ತಕ್ಷರವೆಲ್ಲ ಕಿತ್ತು ಪಕ್ಕಕ್ಕೆ ಬಂದಿದ್ದವು. ಆರು ಬೋರ್ಡೂ ದಂಡ. ಒಂದನ್ನು ಮೊದಲು ತೆಗೆಸಿ ಓದಿ, ಆಮೇಲೆ ಉಳಿದದ್ದು. ಕಾಗದ, ದಾರ, ಕ್ಲಿಪ್ಪು ಎಲ್ಲ ಅವೆನ್ಯೂ ರಸ್ತೆಯಲ್ಲಿ ಒಂದೇ ಓಡಾಟದಲ್ಲಿ ಸಿಗುತ್ತದೆ.

ಎತ್ತರ ಮಾತ್ರ ನೀವೇ ನಿಂತು ನೋಡಿ. ದೊಡ್ಡವರಿಗೆ ಬೋರ್ಡಿನ ನಡುಭಾಗ ನೆಲದಿಂದ 145–150 ಸೆಂ.ಮೀ. ಇರಬೇಕು ಅಂತಾರೆ. ಇದು ಮಕ್ಕಳದು, 105–110ಕ್ಕೆ ಇಳಿಸಿ. ದೊಡ್ಡವರು ಬಗ್ಗಿ ಓದಲಿ. ಬಗ್ಗಿದಾಗ ಅವರ ಮುಖ ಮಗುವಿನ ಮುಖದ ಹತ್ತಿರ ಬರುತ್ತದೆ, ಮಾತು ಶುರುವಾಗುವುದೇ ಆಗ.

ಮುಗಿದ ಮೇಲೆ ಬೋರ್ಡುಗಳನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಮುಂದಿನ ಲೈಬ್ರರಿಗೆ ಕೊಡಿ. ಬೈಗುಳದ ಚೀಟಿ ಮಾತ್ರ ಕೊಡಬೇಡಿ. ನಾವು ಅವನ್ನೆಲ್ಲ ಸಾಲಾಗಿ ಜೋಡಿಸಿ, ಬೈಂಡ್ ಮಾಡಿಸಿ, ನಂಬರ್ ಹಾಕಿ ಮಕ್ಕಳ ಕಪಾಟಿನಲ್ಲಿ ಇಟ್ಟಿದ್ದೇವೆ. ಕಾರ್ಡ್ ಇದ್ದರೆ ಯಾರಾದರೂ ಎರಡು ವಾರಕ್ಕೆ ಮನೆಗೆ ಒಯ್ಯಬಹುದು.